ಗಿಟಾರಿನ ಸದ್ದು ಇನ್ನೂ ದಾರಿಯಲ್ಲಿದೆ

ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಅದರಿಂದ ಏನಾಯಿತೆಂದು ತಿಳಿಯಲು ಇಪ್ಪತ್ತು ನಿಮಿಷ ಕಾದು, ಏನೂ ಆಗಲಿಲ್ಲವೆಂದು ಮತ್ತೆ ಕೂದಲೆಳೆಯಷ್ಟು ತಿರುಗಿಸುವ ಗಂಡನ ಜೊತೆ ಎಂಟು ತಿಂಗಳು ಬಾಳಿದವರಿಗೆ ಮಾತ್ರ ನನ್ನ ಸಂಕಟ ಅರ್ಥವಾದೀತು. ಉಳಿದವರು ಸುಮ್ಮನೆ ಕೇಳಿಸಿಕೊಳ್ಳಿ. ನಾನೇನು ಸಂಗೀತ ಬಲ್ಲವಳಲ್ಲ. ನನ್ನದು ಹಿಟ್ಟಿನ ಮಿಲ್ಲು. ರಾಗಿ, ಗೋಧಿ, ಜೋಳ, ಹುರಿದ ಕಡಲೆ, ಯಾರು ಏನು ತಂದರೂ ಬೀಸಿಕೊಡುತ್ತೇನೆ. ಮಾವನವರ ಕಾಲದ ಮಿಲ್ಲು. ಅವರಾದ ಮೇಲೆ ನಮ್ಮ ಯಜಮಾನರಿಗೆ ಬಂತು, ಯಜಮಾನರ ಕೈಯಿಂದ ಹೇಗೋ ನನ್ನ ಕೈಗೆ ಬಂತು. ಹೇಗೋ ಏನು, ಗಿಟಾರಿನಿಂದಲೇ ಬಂತು.

ನಮ್ಮ ಊರಿನಲ್ಲಿ ಕರೆಂಟಿನ ತಂತಿಯೊಳಗೆ ಹೊಕ್ಕ ಸದ್ದು ಹೊರಗೆ ಬರಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಬಾಯಲ್ಲಿ ಆಡಿದ್ದು, ಕೈಯಲ್ಲಿ ಬಡಿದದ್ದು, ಕೆಳಗೆ ಬೀಳಿಸಿದ್ದು ಎಲ್ಲ ಆಗಿಂದಾಗಲೇ ಕೇಳುತ್ತದೆ. ಮೈಕಿನೊಳಗೆ ಹೋದದ್ದು ಮಾತ್ರ ನಿಧಾನ. ಮದುವೆ ಮನೆಯಲ್ಲಿ ಪುರೋಹಿತರು ಮೈಕಿನಲ್ಲಿ 'ಗಟ್ಟಿಮೇಳ, ಗಟ್ಟಿಮೇಳ' ಎಂದು ಕೂಗಿ, ತಾಳಿ ಕಟ್ಟಿಸಿ, ಅಕ್ಷತೆ ಹಾಕಿಸಿ, ಜನ ಎಲೆಯ ಮುಂದೆ ಕೂತು ಕೋಸಂಬರಿ ಬಡಿಸಿಕೊಳ್ಳುವ ಹೊತ್ತಿಗೆ ಆ ಗಟ್ಟಿಮೇಳ ಚಪ್ಪರದ ಹಾರ್ನಿನಿಂದ ಕೇಳುತ್ತದೆ. ಆಗ ಹಳಬರು ಉಣ್ಣುವುದನ್ನು ನಿಲ್ಲಿಸಿ ಒಂದು ಗಳಿಗೆ ತಲೆಬಾಗುತ್ತಾರೆ. ಟಾಕೀಸಿನವರು ಸದ್ದಿನ ರೀಲನ್ನು ಚಿತ್ರಕ್ಕಿಂತ ಇಪ್ಪತ್ತು ನಿಮಿಷ ಮೊದಲೇ ಓಡಿಸುತ್ತಾರೆ. ಫೋನಿನಲ್ಲಿ ಮಾತಾಡುವವರು ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ರಿಸೀವರನ್ನು ಪಕ್ಕಕ್ಕಿಟ್ಟು, ಪಾತ್ರೆ ತೊಳೆದು ಬಟ್ಟೆ ಒಗೆದು ಬಂದು ಉತ್ತರ ಕೇಳಿಸಿಕೊಳ್ಳುತ್ತಾರೆ. 'ಸದ್ದು ಇನ್ನೂ ದಾರಿಯಲ್ಲಿದೆ' ಎನ್ನುವುದು ನಮ್ಮಲ್ಲಿ 'ಹಾಲು ಇನ್ನೂ ಕಾದಿಲ್ಲ' ಎಂದಷ್ಟೇ ಸಾಮಾನ್ಯವಾದ ಮಾತು.

ಇದರ ಸುತ್ತ ಇರುವುದು ಒಂದೇ ಕಟ್ಟುಪಾಡು. ಮೈಕಿಗೆ ಬಾಯಿ ಕೊಟ್ಟವನು ತನ್ನ ಸದ್ದು ಬಂದು ಮುಗಿಯುವ ತನಕ ಜನರಿಗೆ ಮುಖ ಕೊಟ್ಟು ಅಲ್ಲೇ ನಿಂತಿರಬೇಕು. ಎದ್ದುಹೋದರೆ, ಹೆಣ ಮಣ್ಣಾಗುವ ಮೊದಲೇ ಮನೆಗೆ ಹೊರಟವನನ್ನು ನೋಡುವ ಹಾಗೆ ನೋಡುತ್ತಾರೆ. ಮುನಿಸಿಪಾಲಿಟಿ ಅಧ್ಯಕ್ಷರಾದರೂ ಅಷ್ಟೆ, ತಾವು ಆಡಿದ್ದನ್ನು ತಾವೇ ಪೂರ್ತಿ ಕೇಳಿಸಿಕೊಂಡು ಇಳಿಯಬೇಕು. ಅದಕ್ಕೇ ನಮ್ಮೂರಿನ ಭಾಷಣಗಳು ಚಿಕ್ಕವು.

ಇಂಥ ಊರಿನಲ್ಲಿ ಹುಟ್ಟಿದವನು ಹಾರ್ಮೋನಿಯಮ್ಮೋ ಕೊಳಲೋ ಕಲಿತು ತೆಪ್ಪಗಿರಬೇಕು ತಾನೆ? ನಮ್ಮ ಯಜಮಾನರು ಕೆಂಪರಾಜು ಹಿಡಿದದ್ದು ಎಲೆಕ್ಟ್ರಿಕ್ ಗಿಟಾರನ್ನು. ಇಪ್ಪತ್ತೆರಡರ ಹರೆಯದಲ್ಲಿ ಮಿಲ್ಲಿಗೆ ಮೋಟಾರು ತರಲು ಸಮುದ್ರದ ದಂಡೆಯ ಊರಿಗೆ ಹೋಗಿದ್ದರಂತೆ. ಅಲ್ಲಿ ಹಡಗುಕಟ್ಟೆಯ ಹತ್ತಿರದ ಅಂಗಡಿಯೊಂದರಲ್ಲಿ ಒಬ್ಬ ಮುದುಕ ಸಣ್ಣದೊಂದು ಆಂಪಿಗೆ, ಎಂದರೆ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಗೆ, ಗಿಟಾರು ಸಿಕ್ಕಿಸಿಕೊಂಡು ನುಡಿಸುತ್ತಿದ್ದನಂತೆ. ಇದಕ್ಕೆ ಬ್ಲೂಸ್ ಅನ್ನುತ್ತಾರೆ ಎಂದನಂತೆ. ಮೋಟಾರು ಮರೆತು ಸಂಜೆಯವರೆಗೂ ನಿಂತು ಬಂದ ಗಂಡಸು ಇವರು. ಅದು ಹೇಗಿತ್ತು ಎಂದು ಮದುವೆಯಾದ ಹೊಸದರಲ್ಲಿ ನಾನೂ ಆಸೆಯಿಂದ ಕೇಳಿದ್ದೆ. "ಅಳೋದೂ ಅಲ್ಲ, ಬೈಯೋದೂ ಅಲ್ಲ ಕಣೆ. ಎರಡರ ನಡುವೆ," ಎಂದಿದ್ದರು. ಆಗ ನನಗೆ ಅದು ದೊಡ್ಡ ಮಾತು ಅನ್ನಿಸಿತ್ತು. ವಯಸ್ಸು ಚಿಕ್ಕದು.

ಆಮೇಲೆ ಇವರು ಊರಿನ ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ನುಡಿಸಿದರು. ಅಲ್ಲಿಯ ಪದ್ಧತಿ ಗೊತ್ತಿರಬಹುದು. ಗಿಟಾರಿನವನು ಮೊದಲು ವೇದಿಕೆಗೆ ಹೋಗಿ ಒಬ್ಬನೇ ಕೂತು ಹಾಡಿಗೆ ಹಾಡು ನುಡಿಸಬೇಕು. ಏನೂ ಕೇಳುವುದಿಲ್ಲ, ತಂತಿ ಕೆರೆದಂತೆ ಕಿರಿಕಿರಿ ಅಷ್ಟೆ. ಗಡಿಯಾರ ನೋಡಿಕೊಂಡು ಸರಿಯಾದ ಹೊತ್ತಿಗೆ ತಬಲಾದವರು, ಹಾಡುವವರು ಬಂದು ಸೇರಿಕೊಳ್ಳುತ್ತಾರೆ. ಅವರು ಹಾಡುವಾಗ ಗಿಟಾರಿನವನು ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿರುತ್ತಾನೆ. ಹೀಗಾಗಿ ನುಡಿಸುವಾಗ ತನ್ನ ಗಿಟಾರನ್ನು ತಾನೇ ಕೇಳಿಸಿಕೊಂಡವನು ನಮ್ಮೂರಿನಲ್ಲಿ ಒಬ್ಬನೂ ಇಲ್ಲ. ಬೆರಳಿಗೆ ಗೊತ್ತಿದ್ದರೆ ಆಯಿತು.

ಮಾರ್ಚಿನಲ್ಲಿ ಡಾಕ್ಟರು ಇವರ ಕಿವಿ ನೋಡಿ, ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಆರು ತಿಂಗಳೋ ವರ್ಷವೋ ಎಂದರು. ಮಿಲ್ಲಿನ ಸದ್ದಿಗೇ ಹೋದದ್ದು. ನಾನು ಕಿವಿಗೆ ಹತ್ತಿ ತುರುಕಿಕೊಂಡು ಕೆಲಸ ಮಾಡುವವಳು. ಇವರು ಹತ್ತಿ ಇಟ್ಟುಕೊಂಡರೆ ಗಂಡಸುತನಕ್ಕೆ ಕುಂದು ಎಂದುಕೊಂಡಿದ್ದರೋ ಏನೋ. ಮನೆಗೆ ಬಂದು ಮಂಚದ ಮೇಲೆ ಕೂತು, "ವೇದಾ, ಕಿವಿ ಮುಚ್ಚೋದ್ರೊಳಗೆ ಆ ಸದ್ದನ್ನ ಇನ್ನೊಂದು ಸಲ ಕೇಳ್ಬೇಕು," ಎಂದರು. ಸಮುದ್ರದೂರಿಗೆ ಹೋಗಿಬಂದೆವು. ಮುದುಕನಿದ್ದ ಜಾಗದಲ್ಲಿ ಫ್ರಿಜ್ ಮಾರುತ್ತಿದ್ದರು. ಹಾಗಾದರೆ ನಾನೇ ನುಡಿಸಿ ಕೇಳುತ್ತೇನೆ ಎಂದು ಹೊರಟರು. ಪಾಪ ಎಂದುಕೊಂಡು ಹೂಂ ಅಂದೆ. ಆ ಹೂಂ ಅಂದ ಬಾಯಿಗೆ ಆಮೇಲೆ ಎಷ್ಟು ಸಲ ಬಡಿದುಕೊಂಡೆನೋ.

ಊರಿನಲ್ಲಿ ಗಿಟಾರಿನ ಸಾಮಾನು ಸಿಗುವುದು ಇನ್ನಾಸಪ್ಪನ ಅಂಗಡಿಯಲ್ಲಿ ಮಾತ್ರ. ಇನ್ನಾಸಪ್ಪ ಒಳ್ಳೆಯ ಮನುಷ್ಯ, ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಾನೆ, ಆದರೆ ಒಂದು ಕೇಳಿದರೆ ಹತ್ತು ತೋರಿಸುವ ರೋಗ ಅವನಿಗೆ. ಗಿಟಾರು ಮತ್ತು ಆಂಪಿನ ನಡುವೆ ಕಾಲಲ್ಲಿ ಒತ್ತುವ ಒಂದು ಡಬ್ಬಿ ಇರುತ್ತದೆ, ಅದಕ್ಕೆ ಪೆಡಲ್ ಎನ್ನುತ್ತಾರೆ, ಅದೇ ಸದ್ದಿಗೆ ಬಣ್ಣ ಹಚ್ಚುವುದು ಎಂದು ನನಗೂ ಪಾಠ ಮಾಡಿದ. ಹಸಿರು ಡಬ್ಬಿ ಬಂತು. ನೀಲಿ ಬಂತು. ಸದ್ದು ಬಾವಿಯೊಳಗಿಂದ ಬಂದ ಹಾಗೆ ಮಾಡುವ ಕಪ್ಪು ಡಬ್ಬಿ ಬಂತು. ಇನ್ನೊಂದು ಕೆಂಪು ಡಬ್ಬಿ ಏನು ಮಾಡುತ್ತದೆ ಎಂದು ನಾನು ಕೇಳಿದಾಗ ಇನ್ನಾಸಪ್ಪ, "ಇದು ಡಿಲೇ ಪೆಡಲ್ ಅಮ್ಮಾ. ಸದ್ದನ್ನ ಸ್ವಲ್ಪ ತಡ ಮಾಡಿ ಬಿಡುತ್ತೆ," ಎಂದ. ನಾನು ಅವನ ಮುಖ ನೋಡಿದೆ. ಅವನು ನಗದೆ ನಿಂತಿದ್ದ. ನಮ್ಮವರು ಅದನ್ನೂ ತೆಗೆದುಕೊಂಡರು.

ಮನೆಯ ಹಾಲಿನ ನಡುವೆ, ಒಳಗೆ ಗಾಜಿನ ಬಲ್ಬಿನಂಥ ವಾಲ್ವುಗಳಿರುವ ಆಂಪು ಬಂದು ಕೂತಿತು. ಅದು ಹಳೇ ರೇಡಿಯೋದ ಹಾಗೆ ಮೊದಲು ಬಿಸಿಯಾಗಬೇಕು. ಬಿಸಿಯಾದ ಮೇಲೆ ಇವರು ಪೆಡಲಿನ ಗುಂಡಿಗಳ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ನಾಲ್ಕು ಸಲ ತಂತಿ ಮೀಟಿ, ಗಡಿಯಾರ ನೋಡುತ್ತ ಕೂರುವರು. ಅಷ್ಟರಲ್ಲಿ ನಾನು ಮಿಲ್ಲಿಗೆ ಹೋಗಿ ಯಾರದೋ ಗೋಧಿ ಸುರಿದಿರುತ್ತೇನೆ. ಮಿಲ್ಲು ಇರುವುದು ಮನೆಯ ಪಕ್ಕದ ಗೋಡೆಗೇ. ಕಿಟಕಿಯಿಂದ ಕೈಬೀಸಿ ಕರೆಯುವರು. ಹಿಟ್ಟಿನ ಕೈಯಲ್ಲೇ ಓಡಿಬರಬೇಕು.

"ಇದು ಹ್ಯಾಗಿದೆ ಹೇಳು."

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ? ಮೊದಲಿನದಕ್ಕಿಂತ ಚೆನ್ನಾಗಿದೆಯಾ?"

"ಮೊದಲಿನದು ಅಂದ್ರೆ ಯಾವುದು ರೀ? ಬೆಳಿಗ್ಗೆ ಉಪ್ಪಿಟ್ಟಿಗೆ ನೀರಿಟ್ಟಾಗ ಬಂದದ್ದಾ, ಸಾರಿಗೆ ಒಗ್ಗರಣೆ ಹಾಕ್ತಿದ್ದಾಗ ಬಂದದ್ದಾ?"

ನನ್ನ ಕಿವಿ ಸೂಕ್ಷ್ಮ, ಅದೇ ನನ್ನ ಗ್ರಹಚಾರ. ಮಿಲ್ಲು ನಡೆಸುವವರು ಹಿಟ್ಟನ್ನು ಬೆರಳಲ್ಲಿ ತೀಡಿ ನೋಡುವ ಮೊದಲೇ ಕಲ್ಲು ಎಷ್ಟು ಬಿಗಿಯಾಗಿದೆಯೆಂದು ಸದ್ದಿನಲ್ಲೇ ಹೇಳಬೇಕು. ಬಿಗಿ ಹೆಚ್ಚಾದರೆ ಹಿಟ್ಟು ಸೀದುಹೋಗುತ್ತದೆ, ಸಡಿಲವಾದರೆ ನುಚ್ಚಾಗುತ್ತದೆ. ಹತ್ತಿ ಇಟ್ಟುಕೊಂಡೇ ನನಗೆ ಅದೆಲ್ಲ ತಿಳಿಯುತ್ತದೆ. ಒಂದು ದಿನ ಬಾಯಿ ತಪ್ಪಿ, "ಇದು ಮೈದಾ ರೀ, ಏನೂ ಇಲ್ಲ ಇದ್ರಲ್ಲಿ. ನೆನ್ನೇದ್ರಲ್ಲಿ ಬರೀ ಹೊಟ್ಟು," ಎಂದುಬಿಟ್ಟೆ. ಇವರ ಮುಖ ಅರಳಿತು. "ಹಾಂ, ಹಾಗೆ ಹೇಳು. ನಂಗೆ ಬೇಕಾದ್ದು ರಾಗಿ. ನುಣ್ಣಗೆ ಬೀಸಿದ್ದಲ್ಲ, ಕೈಗೆ ಸ್ವಲ್ಪ ತರಿ ಸಿಗ್ಬೇಕು," ಎಂದರು. ಅಲ್ಲಿಂದ ನನ್ನ ಸೆರೆವಾಸ ಶುರುವಾಯಿತು. ದಿನಕ್ಕೆ ಹತ್ತು ಹನ್ನೆರಡು ಸಲ ಕರೆ. ತರಿ ಬಂತಾ? ಇಲ್ಲ. ಈಗ? ಇಲ್ಲ. ಈಗ ನೋಡು? ಇಲ್ಲ ಇಲ್ಲ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಹೇಳಿಯೂ ನೋಡಿದೆ. ಅವರು ಗಂಭೀರವಾಗಿ, "ನೆಲ ನಿಜವಾಗ್ಲೂ ಡೊಂಕೇ ಇದೆ. ಆಂಪಿನ ಕೆಳಗೆ ಹಲಗೆ ಇಡ್ಬೇಕು," ಎಂದು ಹಲಗೆ ಹುಡುಕಲು ಹೋದರು.

ಕೊನೆಗೆ ಒಂದು ವಿಷಯವನ್ನು ಕಂಡುಹಿಡಿದದ್ದು ಇನ್ನಾಸಪ್ಪ. ಸದ್ದು ದಾರಿಯಲ್ಲಿರುವಾಗ ಪೆಡಲಿನ ಗುಂಡಿ ತಿರುಗಿಸಿದರೆ ಏನೂ ಆಗುವುದಿಲ್ಲ. ಅದು ಸದ್ದು ಒಳಗೆ ಹೋಗುವಾಗಲೇ ತನ್ನ ಕೆಲಸ ಮುಗಿಸಿರುತ್ತದೆ. ಆಂಪಿನ ಗುಂಡಿ ಹಾಗಲ್ಲ. ಅದು ಸದ್ದು ಹೊರಗೆ ಬರುವಾಗ ಹಿಡಿಯುತ್ತದೆ. "ಪೆಡಲ್ ಹೋಗೋವಾಗ, ಆಂಪ್ ಬರೋವಾಗ," ಎಂದು ಇನ್ನಾಸಪ್ಪ ಬೈಬಲ್ಲಿನ ಮಾತು ಹೇಳುವವನ ಹಾಗೆ ಬೆರಳೆತ್ತಿ ಹೇಳಿದ. ಇದನ್ನು ಐದು ತಿಂಗಳ ಹಿಂದೆ ಹೇಳಿದ್ದರೆ ನನ್ನ ಅರ್ಧ ಆಯುಸ್ಸು ಉಳಿಯುತ್ತಿತ್ತು. ಆದರೆ ನಮ್ಮವರಿಗೆ ಪೆಡಲಿನ ಮೇಲೇ ಕಣ್ಣು. ಪೆಡಲ್ ಸರಿಯಾದರೆ ಆಂಪು ತಾನಾಗಿ ಸರಿಯಾಗುತ್ತದೆ ಎಂದು ಅದರ ಎಲ್ಲ ಗುಂಡಿಗಳನ್ನೂ ನಡುಮಧ್ಯಕ್ಕಿಟ್ಟು ಬಿಟ್ಟಿದ್ದರು.

ದೀಪಾವಳಿ ಕಳೆದ ಮೇಲೆ ಹೊಸದೊಂದು ಹಟ ಶುರುವಾಯಿತು. ಕಿಟಕಿಯ ಪಕ್ಕಕ್ಕೆ ಒಂದು ಕುರ್ಚಿ ಎಳೆದು, ಅದರಲ್ಲೇ ಕೂರಬೇಕು, ಬೆಳಕಿಗೆ ಮುಖ ಮಾಡಿಯೇ ಕೂರಬೇಕು ಎಂದರು. ಬೇರೆ ಕಡೆ ಕೂತರೆ ಸದ್ದು ಸರಿಯಾಗಿ ಕೇಳುವುದಿಲ್ಲವಂತೆ. ಗಡಿಯಾರ ನೋಡುವರು, ನನ್ನನ್ನು ನೋಡುವರು, "ಬಂತಾ?" ಎನ್ನುವರು. ಬಂತು ಎಂದರೆ ಎದುರಿಗೆ ಮೊಣಕಾಲೂರಿ ಕೂತು ನಾನು ಏನು ಹೇಳುತ್ತೇನೋ ಎಂದು ಕಾಯುವರು. ಆ ಒಂದೂವರೆ ತಿಂಗಳು ನನಗೆ ಬಂದ ಸಿಟ್ಟನ್ನು ಮಿಲ್ಲಿಗೆ ಹಾಕಿದ್ದರೆ ಕರೆಂಟಿಲ್ಲದೆ ಓಡುತ್ತಿತ್ತು.

ಒಂದು ಸಂತೆಯ ದಿನ ಮಿಲ್ಲಿನ ಬೆಲ್ಟು ಕಿತ್ತುಹೋಯಿತು. ಹದಿನೈದು ಜನ ಡಬ್ಬ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಒಬ್ಬಳ ಮಗುವಿಗೆ ಅಂಬಲಿಯ ಹಿಟ್ಟು ಆಗಲೇ ಬೇಕು, ನಾನು ಗ್ರೀಸು ಮೆತ್ತಿದ ಕೈಯಲ್ಲಿ ಬೆಲ್ಟಿಗೆ ಹೊಲಿಗೆ ಹಾಕುತ್ತಿದ್ದೇನೆ. ಕಿಟಕಿಯಲ್ಲಿ ಇವರ ಕೈ. ಹೋದೆ. ಕುರ್ಚಿಯಲ್ಲಿ ಕೂತೆ. ಹೊಸ ಹಳದಿ ಪೆಡಲು. ಸದ್ದು ಬಂತು. ತಗಡಿನ ಮೇಲೆ ಮೊಳೆ ಎಳೆದಂತಿತ್ತು, ಹಲ್ಲು ಜುಮ್ಮೆಂದಿತು.

"ಹ್ಯಾಗಿದೆ?" ಎಂದರು.

"ಇದೇ ರೀ," ಎಂದೆ. "ಇದೇ. ತರಿ ಬಂತು. ಇನ್ನು ಬೇರೆ ಬೇಡ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. "ಖಂಡಿತಾನಾ?"

"ದೇವರಾಣೆ."

"ಸರಿ ಹಾಗಾದ್ರೆ," ಎಂದು ಮೆಲ್ಲಗೆ ಎದ್ದು ಸೀಮೆಸುಣ್ಣ ಎತ್ತಿಟ್ಟರು.

ಮಾರನೆಯ ಬೆಳಿಗ್ಗೆ ಹಸಿರು, ನೀಲಿ, ಕಪ್ಪು, ಕೆಂಪು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಇನ್ನಾಸಪ್ಪನಿಗೆ ಕೊಟ್ಟುಬಂದರು. ಹಾಲಿನಲ್ಲಿ ಓಡಾಡಲು ಜಾಗವಾಯಿತು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಸತ್ಯ ಹೇಳುತ್ತೇನೆ, ಮಿಲ್ಲಿನಲ್ಲಿ ಕೆಲಸ ಮಾಡುತ್ತಿರುವಾಗಲೂ ಇಪ್ಪತ್ತು ನಿಮಿಷಕ್ಕೊಮ್ಮೆ ನನ್ನ ತಲೆ ತಾನಾಗಿ ಕಿಟಕಿಯ ಕಡೆ ತಿರುಗುತ್ತಿತ್ತು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಆ ಮನುಷ್ಯನಿಗೆ ಉಳಿದಿರುವುದು ಒಂದು ಚೂರು ಕಿವಿ. ಅದಕ್ಕೆ ತುಂಬಿಸಲು ನಾನು ತಗಡಿನ ಸದ್ದು ಕೊಟ್ಟು, ಮೇಲೆ ದೇವರ ಆಣೆ ಇಟ್ಟೆ. ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದೆ. ಹೇಳಿದರೆ ಗೋಣಿಚೀಲ ವಾಪಸು ಬರುತ್ತದೆ ಎಂದು ನೆನಪಾಗಿ ಎರಡು ಸಲವೂ ಮುಚ್ಚಿದೆ.

ಅಷ್ಟರಲ್ಲಿ ಇನ್ನಾಸಪ್ಪನ ಅಂಗಡಿಯ ವಾರ್ಷಿಕೋತ್ಸವ ಬಂತು. ಪ್ರತಿವರ್ಷ ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಅಂಗಡಿಯ ಮುಂದೆ ಕುರ್ಚಿ ಹಾಕಿಸಿ, ತನ್ನ ಹತ್ತಿರ ವಾದ್ಯ ಕೊಂಡವರಿಂದ ಒಂದೊಂದು ಹಾಡು ನುಡಿಸಿಸುತ್ತಾನೆ. ಕೆಂಪರಾಜು ಹೆಸರು ಮೊದಲೇ ಬರೆದುಕೊಂಡಿದ್ದ. ಬೇಡ ಎನ್ನಿ ಎಂದು ಇವರಿಗೆ ಹೇಳಿದೆ. "ಯಾಕೆ? ಸದ್ದು ಸಿಕ್ಕಿದೆಯಲ್ಲ. ನೀನೇ ಹೇಳಿದ್ಯಲ್ಲ," ಎಂದರು. ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆ.

ಆ ದಿನ ಅರವತ್ತು ಎಪ್ಪತ್ತು ಜನ ಸೇರಿದ್ದರು. ನಾನು ಮಿಲ್ಲು ನಿಲ್ಲಿಸಿ, ಮುಖದ ಹಿಟ್ಟನ್ನೂ ಒರೆಸದೆ ಬಂದಿದ್ದೆ. ನಾಲ್ಕು ಗಂಟೆಗೆ ಸರಿಯಾಗಿ ನಮ್ಮವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸ್ಟೂಲಿನ ಮೇಲೆ ಕೂತು, ಹಳದಿ ಪೆಡಲನ್ನು ಕಾಲಲ್ಲಿ ಒತ್ತಿ ನುಡಿಸಿದರು. ಜನ ಕಡಲೆಕಾಯಿ ಸುಲಿಯುತ್ತ ಅವರ ಬೆರಳುಗಳನ್ನು ನೋಡಿದರು. ನಮ್ಮೂರಿನವರು ಇದನ್ನು ಚೆನ್ನಾಗಿ ಬಲ್ಲರು, ಮೊದಲು ಕಣ್ಣಿಗೆ, ಆಮೇಲೆ ಕಿವಿಗೆ. ನಾನೂ ನೋಡಿದೆ. ಎಂಟು ತಿಂಗಳಲ್ಲಿ ನಾಲ್ಕು ಮೀಟಿಗಿಂತ ಹೆಚ್ಚು ನುಡಿಸಿದ್ದನ್ನು ನಾನು ನೋಡಿರಲಿಲ್ಲ. ತಂತಿಯನ್ನು ಬೆರಳಲ್ಲಿ ಒತ್ತಿ ಮೇಲಕ್ಕೆ ತಳ್ಳಿ, ಅಲ್ಲೇ ಹಿಡಿದು ನಡುಗಿಸಿ, ಬಿಡಲು ಮನಸ್ಸಿಲ್ಲದವರ ಹಾಗೆ ಬಿಡುತ್ತಿದ್ದರು. ಅವರ ಕಣ್ಣು ಮುಚ್ಚಿತ್ತು. ನಾಲ್ಕು ನಿಮಿಷ ನುಡಿಸಿ ನಿಲ್ಲಿಸಿದರು. ಇಷ್ಟೊಂದು ಜೀವ ಸುರಿದದ್ದೆಲ್ಲ ತಗಡಾಗಿ ಬರುತ್ತದೆಯಲ್ಲ ಎಂದುಕೊಂಡೆ.

ಸದ್ದು ಬರಲು ಇನ್ನೂ ಕಾಲು ಗಂಟೆಯಿತ್ತು. ಎಲ್ಲರಿಗೂ ಟೀ ಕೊಡುತ್ತಿದ್ದರು. ಇವರು ಲೋಟ ಹಿಡಿದು ಆಂಪಿನ ಪಕ್ಕಕ್ಕೆ ಬಂದು ನಿಂತರು. ನಾನು ಎದ್ದುಹೋಗಿ ಎದುರಿಗೆ ನಿಂತೆ.

"ರೀ, ಆ ಹಳದಿ ಪೆಡಲ್ ಚೆನ್ನಾಗಿಲ್ಲ. ಅವತ್ತು ನಾನು ಸುಳ್ಳು ಹೇಳಿದೆ. ನಂಗೆ ಸಾಕಾಗಿ ಹೋಗಿತ್ತು."

ಅವರು ಟೀ ಊದಿ ಒಂದು ಗುಟುಕು ಕುಡಿದರು. "ಗೊತ್ತು," ಎಂದರು.

"ಏನು ಗೊತ್ತು?"

"ಅವತ್ತೇ ಗೊತ್ತಾಯ್ತು. ಬಾಯಿ ಇದೇ ಇದೇ ಅಂತಿತ್ತು. ಮುಖ ನೋಡಿದ್ರೆ ಹಲ್ಲುನೋವು ಬಂದೋರ ಹಾಗಿತ್ತು."

"ನನ್ನ ಮುಖ ಯಾಕೆ ನೋಡ್ತೀರಾ? ಕಿವಿ ಇರ್ಲಿಲ್ವಾ ನಿಮಗೆ?"

ಲೋಟವನ್ನು ಆಂಪಿನ ಮೇಲಿಟ್ಟರು. "ಇಲ್ಲ ಕಣೆ. ದೀಪಾವಳಿ ಆದ್ಮೇಲೆ ಏನೂ ಇಲ್ಲ. ಪಟಾಕಿ ಸದ್ದೇ ಕೊನೇದು."

ಒಂದೂವರೆ ತಿಂಗಳು ಒಂದೇ ಮನೆಯಲ್ಲಿದ್ದು ನನಗೆ ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಹೇಗೆ ತಿಳಿಯಬೇಕು? ಮಿಲ್ಲಿನ ಗದ್ದಲದಲ್ಲಿ ನಾವಿಬ್ಬರೂ ಮೊದಲಿನಿಂದಲೂ ಮಾತಾಡಿದ್ದು ತುಟಿ ನೋಡಿಕೊಂಡೇ. ಎದುರಿಗಿದ್ದವರ ಬಾಯಿ ಅಲ್ಲಾಡಿದರೆ ಸಾಕು, ಯಾರು ಎಷ್ಟು ಸೇರು ತಂದಿದ್ದಾರೆ ಎಂಬುದೂ ಅವರಿಗೆ ತಿಳಿಯುತ್ತದೆ. ನುಡಿಸುವುದಕ್ಕಂತೂ ಈ ಊರಿನಲ್ಲಿ ಕಿವಿ ಬೇಕಾಗಿಯೇ ಇಲ್ಲ. ನಾಚಿಕೆಯ ಹಿಂದೆಯೇ ಸಿಟ್ಟು ಬಂತು.

"ಹಾಗಾದ್ರೆ ಆ ಪೆಡಲ್‌ಗಳು? ಆ ಕುರ್ಚಿ? ಒಂದೂವರೆ ತಿಂಗಳು ನನ್ನ ಜೀವ ತಿಂದ್ರಲ್ಲ, ಯಾತಕ್ಕೆ?"

"ನಿನ್ನ ಮುಖ ನೋಡಿ ಆರಿಸ್ತಿದ್ದೆ," ಎಂದರು. "ಆ ಮುದುಕ ನುಡಿಸೋವಾಗ ಅಂಗಡಿ ಕನ್ನಡೀಲಿ ನನ್ನ ಮುಖ ನಾನು ನೋಡಿದ್ದೆ. ನಿನ್ನ ಮುಖ ಒಂದು ಸಲ ಹಾಗಾದ್ರೆ ಸಾಕು, ಸಿಕ್ತು ಅಂದ್ಕೋತೀನಿ ಅಂತ. ಆಗ್ಲಿಲ್ಲ. ನಿಂಗೂ ಸಾಕಾಗಿತ್ತು. ಬಿಟ್ಟೆ."

ಅಷ್ಟು ಹೇಳಿ ಮತ್ತೆ ಲೋಟ ಎತ್ತಿಕೊಂಡು ಟೀ ಕುಡಿದರು, ಕರೆಂಟು ಬಿಲ್ಲಿನ ವಿಷಯ ಹೇಳಿದವರ ಹಾಗೆ. ಆ ಲೋಟ ಕಿತ್ತು ಎಸೆಯಬೇಕೆನ್ನಿಸಿತು. ಒಂದು ಮಾತು ಹೇಳಿದ್ದರೆ ಕುರ್ಚಿಯಲ್ಲಿ ನಾನು ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದೆನೇ? ಹೇಳುವುದಿಲ್ಲ, ಕೇಳುವುದಿಲ್ಲ, ಪೆಡಲಿನ ಮೇಲೆ ಪೆಡಲು ತರುತ್ತಾರೆ. ಇವರನ್ನು ಕಟ್ಟಿಕೊಂಡು ನಾನು ಏನು ಮಾಡಲಿ? ಕಣ್ಣಲ್ಲಿ ನೀರು ಬರುತ್ತಿತ್ತು, ಅದಕ್ಕೂ ಸಿಟ್ಟು ಬಂತು.

ಅಂಗಡಿಯ ಗೋಡೆಯ ಗಡಿಯಾರದಲ್ಲಿ ಇನ್ನು ಆರು ನಿಮಿಷವಿತ್ತು. ಪೆಡಲಿನ ಕೆಲಸ ಮುಗಿದುಹೋಗಿತ್ತು, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ. ಆಂಪಿನದು ಉಳಿದಿತ್ತು.

"ಸರೀರಿ ಆ ಕಡೆ," ಎಂದು ಅವರನ್ನು ಸರಿಸಿ ಆಂಪಿನ ಮುಂದೆ ನೆಲಕ್ಕೆ ಕೂತೆ. ಇನ್ನಾಸಪ್ಪ ಓಡಿಬಂದ. "ಅಮ್ಮಾ, ಗುಂಡಿಗಳನ್ನ ಮಧ್ಯದಲ್ಲೇ ಬಿಡಿ, ಅದೇ ಸರಿ. ವಾಲ್ಯೂಮ್ ಜಾಸ್ತಿ ಮಾಡಿದ್ರೆ ವಾಲ್ವ್ ತಡ್ಕೊಳಲ್ಲ, ಸದ್ದು ಒಡೆಯುತ್ತೆ," ಎಂದ.

"ಒಡೀಬೇಕಾದ್ದೇ ಅದು, ಇನ್ನಾಸಪ್ಪನವರೇ," ಎಂದೆ. "ಕಲ್ಲು ಬಿಗಿ ಮಾಡೋದನ್ನ ನಂಗೆ ಹೇಳ್ಕೊಡ್ಬೇಡಿ."

ನಾಲ್ಕೂ ಇಪ್ಪತ್ತಕ್ಕೆ ಸದ್ದು ಬಂತು. ಅದೇ ತಗಡು, ಅದೇ ಮೊಳೆ. ಮುಂದಿನ ಸಾಲಿನಲ್ಲಿ ಒಬ್ಬರು ಕಿವಿಗೆ ಕೈ ಹಿಡಿದರು. ನಾನು ಟ್ರೆಬಲ್ ಎಂದು ಬರೆದಿದ್ದ ಗುಂಡಿಯನ್ನು ಕೆಳಕ್ಕೆ ಇಳಿಸುತ್ತ ಹೋದೆ, ಮೊಳೆಯ ಚೂಪು ಹೋಗುವ ತನಕ. ಸದ್ದು ಮಂಕಾಯಿತು, ಮುದ್ದೆ ಕಟ್ಟಿತು. ಮಧ್ಯದ ಗುಂಡಿಯನ್ನು ಏರಿಸಿದೆ, ಮುದ್ದೆ ಬಿಡಿಸಿಕೊಂಡಿತು. ಆಮೇಲೆ ವಾಲ್ಯೂಮನ್ನು ಕಲ್ಲು ಬಿಗಿ ಮಾಡುವ ಚಕ್ರ ಹಿಡಿದ ಹಾಗೆ ಇಡೀ ಅಂಗೈಯಲ್ಲಿ ಹಿಡಿದು ತಿರುಗಿಸಿದೆ. ಕೂದಲೆಳೆಯಷ್ಟಲ್ಲ. ಕಾಲು ಸುತ್ತು, ಅದರ ಮೇಲೆ ಇನ್ನಷ್ಟು. ಇನ್ನಾಸಪ್ಪ ಶಿಲುಬೆಯ ಗುರುತು ಮಾಡಿಕೊಂಡ. ವಾಲ್ವುಗಳು ಕೆಂಪಗಾದವು. ಸದ್ದಿನ ಅಂಚು ಹರಿಯಲು ಶುರುವಾಯಿತು, ಹರಿದು ಹರಿದು ಒಳಗಿನಿಂದ ತರಿ ಎದ್ದಿತು. ನನ್ನ ಕೈ ಅಲ್ಲೇ ನಿಂತಿತು. ಇದಕ್ಕಿಂತ ಒಂದು ಎಳೆ ಹೆಚ್ಚಾದರೆ ಸೀಯುತ್ತದೆ ಎಂದು ಕೈಗೆ ಗೊತ್ತಾಯಿತು.

ಜನರಲ್ಲಿ ಗುಸುಗುಸು ಎದ್ದಿತು. ಸದ್ದಿಗಲ್ಲ. ಕೆಂಪರಾಜು ಜನರಿಗೆ ಬೆನ್ನು ಹಾಕಿ ನಿಂತಿದ್ದರು. ನಮ್ಮೂರಿನಲ್ಲಿ ಯಾರೂ ಮಾಡದ ಕೆಲಸ ಅದು. ಆ ಕಡೆ ತಿರುಗಿ ಎಂದು ತುಟಿಯಲ್ಲಿ ಹೇಳಿದೆ. ಓದಿಕೊಂಡರು, ತಿರುಗಲಿಲ್ಲ. ಲೋಟ ಕೆಳಗಿಟ್ಟು ಎದುರಿಗೆ ಮೊಣಕಾಲೂರಿ ಕೂತು, ನನ್ನನ್ನೇ ನೋಡಿದರು.

ಎಪ್ಪತ್ತು ಜನರ ಮುಂದೆ ಗಂಡ ಹಾಗೆ ನೋಡಿದರೆ ಯಾವ ಹೆಂಗಸಾದರೂ ತಲೆ ತಗ್ಗಿಸುತ್ತಾಳೆ, ಇಲ್ಲವೇ ಮುಖ ಬಿಗಿ ಹಿಡಿಯುತ್ತಾಳೆ. ನನಗೂ ಹಾಗೇ ಮಾಡಬೇಕೆನ್ನಿಸಿತು. ಮಾಡಿದರೆ ಅವರಿಗೆ ಏನೂ ಕೇಳಿಸುವುದಿಲ್ಲ. ಮುಖವನ್ನು ಅದರ ಪಾಡಿಗೆ ಬಿಟ್ಟುಬಿಟ್ಟೆ. ಅವರು ಕಣ್ಣುಮುಚ್ಚಿ ತಂತಿ ತಳ್ಳಿ ಹಿಡಿದದ್ದು ಆಗ ಬಂತು. ಅಳುವುದಲ್ಲ, ಬೈಯುವುದೂ ಅಲ್ಲ. ಬೆಳಗಿನಿಂದ ರಾತ್ರಿಯವರೆಗೆ ಗೊಣಗುತ್ತ ಗೊಣಗುತ್ತ ಒಂದು ದಿನವೂ ಬಿಟ್ಟುಹೋಗದವರ ಗಂಟಲಿನಲ್ಲಿ ಇರುತ್ತದಲ್ಲ, ಅದು. ನಗು ಬಂತು, ಕೆನ್ನೆಯ ಹಿಟ್ಟಿನ ಮೇಲೆ ನೀರೂ ಇಳಿಯಿತು. ನನ್ನ ಮುಖ ಏನಾಗಿತ್ತೋ ನಾನು ಕಾಣೆ.

ಅವರು ಕಂಡರು. ಅವರ ಹುಬ್ಬು ಮೇಲೇರಿ, ಬಾಯಿ ಅರೆ ತೆರೆದು ಹಾಗೇ ನಿಂತಿತು, ದೂರದಿಂದ ಯಾರೋ ಕರೆದದ್ದು ಕಿವಿಗೆ ಬಿದ್ದವರ ಹಾಗೆ. ಗಿಟಾರಿನ ಸದ್ದು ಇನ್ನೂ ಎರಡು ನಿಮಿಷವಿತ್ತು. ಅದು ಪೂರ್ತಿ ಮುಗಿಯುವ ತನಕ ನಾನು ಮುಖ ತಿರುಗಿಸಲಿಲ್ಲ.